ಥರ್ಮಾಕೋಲಿನ ಮಾರಿಕಣಿವೆ

ಸಣ್ಣ ಹಳಿ ಕಿತ್ತು ದೊಡ್ಡ ಹಳಿ ಹಾಕುತ್ತಿದ್ದ ಕಾಲ ಅದು. ಆಗ ಚಿಕ್ಕಜಾಜೂರಿನ ರೈಲ್ವೆ ಕ್ವಾರ್ಟರ್ಸಿನಲ್ಲಿ ಬೆಳೆದವರು ಯಾರಾದರೂ ಇದನ್ನು ಓದುತ್ತಿದ್ದರೆ ಅವರಿಗೆ ನಾನು ಹೆಚ್ಚು ಹೇಳಬೇಕಾಗಿಲ್ಲ. ಬಿಸಿಲಿಗೆ ಕಾದ ಜಲ್ಲಿಯ ವಾಸನೆ, ಮರದ ಸ್ಲೀಪರಿಗೆ ಬಳಿದ ಕರಿ ಎಣ್ಣೆಯ ವಾಸನೆ, ಸಾಲುಮನೆಗಳ ಎಲ್ಲ ಒಲೆಗಳಿಂದ ಒಂದೇ ಹೊತ್ತಿಗೆ ಏಳುತ್ತಿದ್ದ ರೊಟ್ಟಿಯ ವಾಸನೆ ಅವರ ಮೂಗಿನಲ್ಲಿ ಇನ್ನೂ ಇರುತ್ತದೆ. ಜಂಕ್ಷನ್ನಿನ ಮಕ್ಕಳಿಗೆ ಆಟದ ಸಾಮಾನು ತಂದುಕೊಡುವವರು ಇರಲಿಲ್ಲ. ನಮಗೆ ಬೇಕೂ ಇರಲಿಲ್ಲ. ಒಂದು ಮೊಳೆಯನ್ನು ಹಳಿಯ ಮೇಲಿಟ್ಟು ಗೂಡ್ಸ್ ಗಾಡಿ ಹೋಗುವವರೆಗೆ ಬೇಲಿಯ ಮರೆಯಲ್ಲಿ ಕೂತರೆ ಸಾಕು, ಮೊಳೆ ತೆಳ್ಳಗೆ ಚಪ್ಪಟೆಯಾಗಿ ಚಾಕುವಾಗುತ್ತಿತ್ತು. ಎತ್ತಿಕೊಂಡರೆ ಇನ್ನೂ ಬಿಸಿ ಇರುತ್ತಿತ್ತು. ಅಂಥ ಚಾಕುಗಳಿಂದಲೇ ನನ್ನ ತಮ್ಮ ಮಂಜ ಮತ್ತು ತಿಪ್ಪೇಶ ಥರ್ಮಾಕೋಲು ಕೊಯ್ದು ಒಂದು ರೈಲುದಾರಿ ಕಟ್ಟಿದರು. ನಾನು ಬರೆಯಲು ಕೂತಿರುವುದು ಆ ರೈಲುದಾರಿಯ ವಿಷಯ, ಮತ್ತು ಅದಕ್ಕೆ ನಾನು ಮಾಡಿದ್ದರ ವಿಷಯ.

ನಮ್ಮಪ್ಪ ಸ್ಟೇಷನ್ನಿನಲ್ಲಿ ಪಾಯಿಂಟ್ಸ್‌ಮನ್ ಆಗಿದ್ದ. ಬರುವ ಗಾಡಿ ಯಾವ ಹಳಿಗೆ ಹೋಗಬೇಕೋ ಆ ಹಳಿಗೆ ದಾರಿ ತಿರುಗಿಸುವ ಕೆಲಸ. ನಾನು ಹಿರಿಯವಳು, ರೇಣುಕ. ಏಳನೇ ಕ್ಲಾಸು ಮುಗಿದ ವರ್ಷ ಅವ್ವನಿಗೆ ಬೆನ್ನು ಹಿಡಿದು ಬಗ್ಗಲಾಗದಂತಾಯಿತು. ನನ್ನ ಶಾಲೆ ನಿಂತಿತು. ಯಾರೂ ಬೈದು ಬಿಡಿಸಲಿಲ್ಲ. ಜೂನ್ ಬಂತು, ಮಂಜನಿಗೆ ಹೊಸ ಪುಸ್ತಕ ಬಂತು, ನನಗೆ ಬರಲಿಲ್ಲ, ಅಷ್ಟೆ.

ತಿಪ್ಪೇಶ ನಮ್ಮ ಮನೆಯವನಲ್ಲ. ಅವನ ಅಪ್ಪ ಗಿರಿಯಣ್ಣ ಜವನಗೊಂಡನಹಳ್ಳಿ ಕಡೆಯ ಒಂದು ಹಟ್ಟಿಯವನು, ಕುರಿ ಸಾಕುವವನು. ವರ್ಷಕ್ಕೊಮ್ಮೆ ಮಂದೆ ಹೊಡೆದುಕೊಂಡು ನಮ್ಮ ಸೀಮೆಗೆ ಬಂದು, ಹೊಳಲ್ಕೆರೆ ಹತ್ತಿರ ಅಪ್ಪನ ಪಾಲಿಗಿದ್ದ ತುಂಡು ಹೊಲದಲ್ಲಿ ಗೊಬ್ಬರಕ್ಕೆಂದು ಕುರಿ ನಿಲ್ಲಿಸುತ್ತಿದ್ದ. ಹಾಗೆ ಬೆಳೆದ ಪರಿಚಯ. ಒಂದು ಸಲ ಬಂದಾಗ ಮಗನನ್ನೂ ಕರೆತಂದ. ಹುಡುಗ ಓದುತ್ತೇನೆ ಅನ್ನುತ್ತಾನೆ, ಹಟ್ಟಿಯಲ್ಲಿದ್ದರೆ ಓದುವುದಿಲ್ಲ, ನಿಮ್ಮ ಮನೆಯಲ್ಲಿ ಮಲಗುವುದಕ್ಕೊಂದು ಮೂಲೆ ಕೊಡಿ ಎಂದು ಕೇಳಿದ. ಅಪ್ಪ ಒಪ್ಪಿದ. ಹೊರಡುವ ಮುಂಚೆ ಗಿರಿಯಣ್ಣ ಮಗನ ಎದುರಿಗೇ ಹೇಳಿದ ಮಾತು ನನಗೆ ಹಾಗೇ ನೆನಪಿದೆ.

"ಇವನ ಮ್ಯಾಲೆ ಒಂದೇ ಒಂದು ತಕರಾರು ಬಂದ್ರೂ ನಂಗೆ ಹೇಳ್ರಿ. ಅವತ್ತಿಗೆ ಇವನ ಓದು ಮುಗೀತು. ಕೋಲು ಕೊಟ್ಟು ಕುರಿ ಹಿಂದೆ ಬಿಡ್ತೀನಿ."

ತಿಪ್ಪೇಶ ತಲೆ ಬಗ್ಗಿಸಿ ಕಾಲ ಹೆಬ್ಬೆರಳಿನಿಂದ ನೆಲ ಕೆರೆಯುತ್ತಿದ್ದ. ಅವನ ಹೆಗಲ ಮೇಲೊಂದು ಕರಿ ಕಂಬಳಿ, ಕೈಯಲ್ಲಿ ಒಂದು ಚೀಲ. ಅವನೂ ಮಂಜನೂ ಒಂದೇ ವಯಸ್ಸು, ಒಂದೇ ಕ್ಲಾಸು. ಒಂದು ವಾರದಲ್ಲೇ ಇಬ್ಬರೂ ಒಂದೇ ಕಂಬಳಿ ಹೊದ್ದು ಮಲಗತೊಡಗಿದರು.

ಒಳ್ಳೆಯ ಹುಡುಗ. ಶಾಲೆಯಿಂದ ಬಂದವನೇ ನನ್ನ ಕೈಯಿಂದ ಕೊಡ ಕಿತ್ತುಕೊಂಡು ನಲ್ಲಿಗೆ ಹೋಗುತ್ತಿದ್ದ. ಮಂಜ ಒಂದು ದಿನವೂ ಹಾಗೆ ಮಾಡಿದವನಲ್ಲ. ಆದರೂ ಅವನ ತಟ್ಟೆ ತೊಳೆಯುವಾಗ ನನಗೆ ಒಳಗೊಳಗೇ ಏನೋ ಉರಿಯುತ್ತಿತ್ತು. ನಮ್ಮ ಮನೆಯಿಂದ ಇಬ್ಬರು ಶಾಲೆಗೆ ಹೋಗುತ್ತಿದ್ದರು, ಅವರಲ್ಲಿ ಒಬ್ಬ ಪರರ ಮಗ. ಮನೆಯ ಮಗಳು ನಾನು ಒಲೆಯ ಮುಂದಿದ್ದೆ. ಈ ಲೆಕ್ಕವನ್ನು ನಾನು ಯಾರ ಹತ್ತಿರವೂ ಆಡಿರಲಿಲ್ಲ.

ಆ ವರ್ಷ ದಸರೆ ಆದಮೇಲೆ ಶಾಲೆಯಲ್ಲಿ ವಸ್ತುಪ್ರದರ್ಶನ ಇದೆ ಎಂದು ಮೇಷ್ಟ್ರು ಹೇಳಿದರು. ಚೆನ್ನಾಗಿದ್ದದ್ದನ್ನು ಚಿತ್ರದುರ್ಗಕ್ಕೆ ಕಳಿಸುತ್ತಾರೆ ಅಂತಲೂ ಸುದ್ದಿ. ಅದೇ ಹೊತ್ತಿಗೆ ಸ್ಟೇಷನ್ನಿಗೆ ಹೊಸ ಸಿಗ್ನಲ್ ಸಾಮಾನು ದೊಡ್ಡ ದೊಡ್ಡ ಪೆಟ್ಟಿಗೆಗಳಲ್ಲಿ ಬಂದು ಇಳಿಯುತ್ತಿತ್ತು. ಪೆಟ್ಟಿಗೆಯ ಒಳಗೆಲ್ಲ ಥರ್ಮಾಕೋಲು. ದಪ್ಪ ಹಲಗೆಗಳು, ಮೂಲೆಗಿಡುವ ತುಂಡುಗಳು, ಸಾಮಾನಿನ ಆಕಾರಕ್ಕೆ ಗುಳಿ ಬಿದ್ದ ಅಚ್ಚುಗಳು. ಸಾಮಾನು ತೆಗೆದುಕೊಂಡು ಅದನ್ನು ಗೋಡೆಯ ಪಕ್ಕ ಎಸೆಯುತ್ತಿದ್ದರು. ಗಾಳಿ ಬಂದರೆ ಹಲಗೆಗಳು ಪ್ಲಾಟ್‌ಫಾರ್ಮಿನ ಮೇಲೆ ತಾವೇ ನಡೆದು ಹೋಗುತ್ತಿದ್ದವು. ಹುಡುಗರಿಬ್ಬರೂ ಅವನ್ನು ಅಟ್ಟಿಸಿಕೊಂಡು ಹೋಗಿ ಹಿಡಿದು ಮನೆಗೆ ತಂದರು. ಹಿಂದಿನ ಕೋಣೆಯಲ್ಲಿ ಹಳೆಯ ಬಾಗಿಲೊಂದನ್ನು ಇಟ್ಟಿಗೆಯ ಮೇಲೆ ಮಲಗಿಸಿ ಅದರ ಮೇಲೆ ಶುರುಮಾಡಿದರು.

ಮಂಜನಿಗೆ ಬೇಕಾಗಿದ್ದದ್ದು ನಮ್ಮ ಸ್ಟೇಷನ್. ಹಳೆಯ ಸ್ಟೇಷನ್ನನ್ನು ಒಡೆಯುತ್ತಾರಂತೆ, ಅದಕ್ಕೂ ಮುಂಚೆ ಇದ್ದಂತೆಯೇ ಮಾಡಿಡಬೇಕು ಅನ್ನುವುದು ಅವನ ಹಟ. ತಿಪ್ಪೇಶ ಎರಡು ದಿನ ಸುಮ್ಮನೆ ಅವನು ಹೇಳಿದ್ದನ್ನು ಕೊಯ್ದುಕೊಟ್ಟ. ಮೂರನೇ ದಿನ ಬಾಗಿಲಿನ ಖಾಲಿ ಅರ್ಧವನ್ನು ಬೆರಳಿನಿಂದ ತೋರಿಸಿದ.

"ಹೊಸದುರ್ಗ ರೋಡ್ ಸ್ಟೇಷನ್ ಆದಮ್ಯಾಲೆ ಎಡಕ್ಕೆ ಒಂದು ಹಳಿ ಬಿಡಾಣ. ಮಾರಿಕಣಿವೆ ಡ್ಯಾಮಿನ ಮ್ಯಾಲೆ ಹೋಗಿ ನಮ್ಮ ಹಟ್ಟಿತಾವ ನಿಲ್ಲಲಿ."

"ಅಲ್ಲಿ ರೈಲು ಎಲ್ಲೈತಲೇ? ಹಿರಿಯೂರಿಗೇ ಇಲ್ಲ, ನಿಮ್ಮ ಹಟ್ಟಿಗೆ ಎಲ್ಲಿಂದ ಬರ್ತೈತೆ?"

"ಇಲ್ಲ ಅಂತಲೇ ಬಿಡಾಣ ಅನ್ನದು. ಇದ್ದಿದ್ರೆ ನಿಂಗ್ಯಾಕೆ ಹೇಳ್ಲಿ, ಹತ್ಕಂಡು ಹೋಗಿ ನಮ್ಮವ್ವನ ನೋಡ್ಕಂಡು ಬರ್ತಿದ್ನಪ್ಪ."

ಮಂಜ ನಕ್ಕು ಒಪ್ಪಿದ. ಹೀಗೆ ಭೂಮಿಯ ಮೇಲಿಲ್ಲದ ಒಂದು ರೈಲುದಾರಿ ನಮ್ಮ ಮನೆಯ ಹಿಂದಿನ ಕೋಣೆಯಲ್ಲಿ ಹುಟ್ಟಿತು.

ಆ ಕೆಲಸದ ಚಂದವನ್ನು ನಾನು ಬಾಗಿಲ ಸಂದಿನಲ್ಲಿ ನಿಂತು ನೋಡುತ್ತಿದ್ದೆ. ಹಲಗೆಯ ಮೇಲೆ ಹಲಗೆ ಅಂಟಿಸಿ ಗುಡ್ಡ ಮಾಡಿದರು. ಮೊಳೆಚಾಕುವಿನಿಂದ ಒರಟಾಗಿ ಕೊಯ್ದು, ಆಮೇಲೆ ಸೈಕಲ್ಲಿನ ಕಡ್ಡಿಯನ್ನು ನನ್ನ ಒಲೆಯಲ್ಲಿ ಕೆಂಪಗೆ ಕಾಯಿಸಿ ಎಳೆದರೆ ಬೆಣ್ಣೆ ಕೊಯ್ದಂತೆ ಕೊಯ್ಯುತ್ತಿತ್ತು. ಕಡ್ಡಿಯ ತುದಿಯಿಂದ ಗೀರಿದರೆ ಬಂಡೆಯ ಸೀಳು, ಚುಚ್ಚಿದರೆ ಗವಿ. ಸುಟ್ಟ ಥರ್ಮಾಕೋಲಿನ ಹೊಗೆ ಗಂಟಲು ಕೆರೆಯುತ್ತಿತ್ತು, ಅವ್ವ ಒಳಗಿಂದಲೇ ಬೈಯುತ್ತಿದ್ದಳು. ಬಿಳಿ ಕಾಳುಗಳು ಮನೆಯೆಲ್ಲ ಹಾರಿ ತಲೆಗೂದಲಿಗೆ, ಸೀರೆಗೆ, ಕಡೆಗೆ ಮುದ್ದೆಗೂ ಅಂಟಿ ಬರುತ್ತಿದ್ದವು. ಅಪ್ಪ ಒಂದು ದಿನ ಮುದ್ದೆಯಿಂದ ಕಾಳು ಹೆಕ್ಕುತ್ತಾ, ಇವತ್ತು ಅನ್ನ ಮುದ್ದೆ ಎರಡೂ ಒಟ್ಟಿಗೇ ಬಡಿಸಿದ್ದೀಯಾ ಎಂದು ನನ್ನನ್ನು ಕೇಳಿದ.

ಗುಡ್ಡದ ಮೇಲೆ ಕಾಗದ ನೆನೆಸಿ ಅರೆದ ರೊಚ್ಚು ಬಳಿದು, ಕೆಮ್ಮಣ್ಣು ಬೂದಿ ಕಲಸಿ ಬಣ್ಣ ಕೊಟ್ಟರು. ಮರದ ಹೊಟ್ಟಿಗೆ ಹಸಿರು ರಂಗೋಲಿ ಪುಡಿ ಬೆರೆಸಿ ಉದುರಿಸಿದರೆ ಹುಲ್ಲು. ಜಾಲಿಯ ಒಣ ಚಿಗುರು ಚುಚ್ಚಿದರೆ ಮರ. ತಿಪ್ಪೇಶ ತನ್ನ ಕಂಬಳಿಯ ಅಂಚಿನಿಂದ ಉಣ್ಣೆ ಕಿತ್ತು, ಬೆರಳ ನಡುವೆ ಉಂಡೆ ಮಾಡಿ, ಮಾರಿಕಣಿವೆಯ ಆಚೆ ದಡದಲ್ಲಿ ಒಂದು ಕುರಿಮಂದೆಯನ್ನೇ ಬಿಟ್ಟ. ಅಪ್ಪ ಡ್ಯೂಟಿ ಮುಗಿಸಿ ಬಂದು ಮಂಡಿಯೂರಿ ಕೂತು ತಂತಿಯ ಹಳಿಗಳು ಕೂಡುವ ಜಾಗವನ್ನು ನೋಡಿ, ಈ ಪಾಯಿಂಟಿನ ಮೇಲೆ ಗಾಡಿ ಬಿಟ್ಟರೆ ನನ್ನ ಕೆಲಸ ಹೋಗುತ್ತದೆ ಎಂದು ತಂತಿ ಬಿಚ್ಚಿ ತಾನೇ ಸರಿಮಾಡಿದ.

ಎಲ್ಲಕ್ಕಿಂತ ಕಷ್ಟವಾದದ್ದು ನೀರು. ಎರಡು ಗುಡ್ಡಗಳ ನಡುವೆ ಕಟ್ಟೆ, ಕಟ್ಟೆಯ ಹಿಂದೆ ಥರ್ಮಾಕೋಲಿನಲ್ಲಿ ತೋಡಿದ ಗುಳಿ. ಅದಕ್ಕೆ ಬಟ್ಟೆಗೆ ಹಾಕುವ ನೀಲಿ ಬಳಿದು ಮೇಲೆ ನೀಲಿ ಕಾಗದ ಹಾಸುವುದು ಅಂತ ಮಂಜ ಅಂದುಕೊಂಡಿದ್ದ. ತಿಪ್ಪೇಶ ಒಪ್ಪಲಿಲ್ಲ.

"ದಡದಾಗೆ ನೀರು ನೀಲಿ ಇರಲ್ಲ ಕಣ್ಲೇ. ಮಣ್ಣಿನ ಬಣ್ಣ ಇರ್ತೈತೆ, ಕುರಿ ಇಳಿದು ಕುಡಿತಾವಲ್ಲ. ಒಳಗೊಳಗೆ ಹೋದಂಗೆ ಕಪ್ಪಾಗ್ತೈತೆ. ನಡುವೆ ನೋಡಿದ್ರೆ ಭಯ ಆಗ್ತೈತೆ."

ಅವನು ಹೇಳಿದಂತೆಯೇ ಬಣ್ಣ ಬಳಿದರು. ಅದರ ಮೇಲೆ ಮರಗೆಲಸದವರು ಬಳಸುವ ಬಿಳಿ ಗೋಂದನ್ನು ತೆಳ್ಳಗೆ ಸುರಿಯುವುದು, ಒಣಗಲು ಬಿಡುವುದು, ಮತ್ತೆ ಸುರಿಯುವುದು. ಹಸಿಯಿದ್ದಾಗ ಅದು ಹಾಲು, ಒಣಗಿದರೆ ಗಾಜು. ಪದರದ ಮೇಲೆ ಪದರ ಬಿದ್ದಂತೆ ನಿಜವಾಗಿಯೂ ಆಳ ಕಾಣತೊಡಗಿತು. ಬೆಳಿಗ್ಗೆ ಎದ್ದವರೇ ಇಬ್ಬರೂ ಹೊಟ್ಟೆಯ ಮೇಲೆ ಮಲಗಿ, ಕಣ್ಣನ್ನು ನೀರಿನ ಮಟ್ಟಕ್ಕೆ ತಂದು ನೋಡುತ್ತಿದ್ದರು. ಎಷ್ಟು ಹೊತ್ತಾದರೂ ಏಳುತ್ತಿರಲಿಲ್ಲ. ರೊಟ್ಟಿ ಆರಿಹೋಯಿತು ಎಂದು ನಾನು ಕೂಗಬೇಕಾಗುತ್ತಿತ್ತು.

ನನಗೂ ಅದರಲ್ಲಿ ಏನಾದರೂ ಮಾಡಬೇಕು ಅನ್ನಿಸುತ್ತಿತ್ತು. ಒಂದು ದಿನ ಮುಸುರೆ ತೊಳೆದ ಕೈ ಒರೆಸಿಕೊಂಡು ಹೋಗಿ, ಸ್ಟೇಷನ್ನಿನ ಮುಂದೆ ನಾನೊಂದು ಬೇವಿನ ಮರ ನೆಡುತ್ತೇನೆ ಎಂದು ದೊಡ್ಡದೊಂದು ಟೊಂಗೆ ತೋರಿಸಿದೆ.

"ಅಷ್ಟು ದೊಡ್ಡದು ಬರಲ್ಲಕ್ಕ. ಸ್ಕೇಲು ಅಂತ ಇರ್ತೈತೆ. ನಿಂಗೆ ಗೊತ್ತಾಗಲ್ಲ ಬಿಡು," ಅಂದ ಮಂಜ.

ಕೆಟ್ಟ ಮನಸ್ಸಿನಿಂದ ಅಂದದ್ದಲ್ಲ. ಅವನು ತಲೆ ಎತ್ತಿಯೂ ನೋಡಿರಲಿಲ್ಲ. ತಿಪ್ಪೇಶನಿಗೆ ನನ್ನ ಮುಖ ಕಂಡಿರಬೇಕು. ಅಂಗೈ ಮೇಲೆ ಉಣ್ಣೆಯ ಕುರಿಗಳನ್ನಿಟ್ಟು, ಅಕ್ಕ ಇವನ್ನು ನೀನು ಅಂಟಿಸು ಎಂದು ಮುಂದೆ ಚಾಚಿದ. ನಿನ್ನ ಕುರಿ ನೀನೇ ಕಾಯಿ, ಹೇಗಿದ್ದರೂ ನಾಳೆ ಅದೇ ಕೆಲಸ ಎಂದು ನಾನು ಹೊರಟುಬಂದೆ. ತಿರುಗಿ ನೋಡಿದಾಗ ಅವನು ಇನ್ನೂ ಕೈ ಚಾಚಿಕೊಂಡೇ ಕೂತಿದ್ದ.

ಪ್ರದರ್ಶನ ಹತ್ತಿರ ಬಂದಾಗ ಮೋಡ ಕಟ್ಟಿ ಜಿನುಗು ಮಳೆ ಹಿಡಿಯಿತು. ಥಂಡಿಗೆ ಕಡೆಯ ಪದರ ಸರಿಯಾಗಿ ಒಣಗಲಿಲ್ಲ. ನೀರಿನ ಮೇಲೆಲ್ಲ ಕಣ್ಣಿಗೆ ಪೊರೆ ಬಂದಂತೆ ಬೆಳ್ಳಗೆ ಮಂಕು ಕವಿಯಿತು. ಮಂಜ ಉಫ್ ಉಫ್ ಎಂದು ಊದಿ ನೋಡಿದ, ಒಲೆಯ ಕೆಂಡ ತಂದು ಹತ್ತಿರ ಹಿಡಿದು ನೋಡಿದ. ಅವತ್ತು ರಾತ್ರಿ ಊಟವನ್ನೇ ಸರಿಯಾಗಿ ಮಾಡಲಿಲ್ಲ. ಇದು ನೀರಲ್ಲ, ಗಂಜಿ ಎಂದು ಗೋಡೆಯ ಕಡೆ ತಿರುಗಿ ಮಲಗಿದ.

ಮಾರನೇ ದಿನ ಮಧ್ಯಾಹ್ನ ಬಿಸಿಲು ಬಿತ್ತು. ಅವ್ವ ಕಡಲೆಕಾಯಿ ಬಿಡಿಸಲು ಪಕ್ಕದ ಸಾಲಿಗೆ ಹೋಗಿದ್ದಳು. ಅಪ್ಪ ಡ್ಯೂಟಿಯಲ್ಲಿದ್ದ, ಹುಡುಗರು ಶಾಲೆಯಲ್ಲಿ. ಮಂಚದ ಕೆಳಗೆ ಅಪ್ಪ ತಂದಿಟ್ಟಿದ್ದ ವಾರ್ನಿಷ್ ಡಬ್ಬಿ, ಥಿನ್ನರ್ ಬಾಟಲಿ ಇದ್ದವು. ಸ್ಟೇಷನ್ನಿನ ವೇಟಿಂಗ್ ರೂಮಿನ ಹಳೆಯ ಬೆಂಚಿಗೆ ಪೇಂಟರು ವಾರ್ನಿಷ್ ಬಳಿಯುವುದನ್ನು ನಾನು ನೋಡಿದ್ದೆ. ಒಣಗಿ ತಿಂಗಳಾದರೂ ಆ ಬೆಂಚು ಈಗತಾನೇ ನೀರು ಬಿದ್ದಂತೆ ಹೊಳೆಯುತ್ತಿತ್ತು. ಕೆರೆಗೆ ಇದನ್ನು ಬಳಿದುಬಿಟ್ಟರೆ ಸಂಜೆ ಬಂದು ನೋಡಿದ ಮಂಜ ಏನನ್ನುತ್ತಾನೆ ಅನ್ನುವುದನ್ನು ನಾನು ಮನಸ್ಸಿನಲ್ಲೇ ಕೇಳಿಸಿಕೊಂಡೆ.

ಡಬ್ಬಿಯೊಳಗೆ ವಾರ್ನಿಷ್ ಬೆಲ್ಲದ ಪಾಕದಂತೆ ಗಟ್ಟಿಯಾಗಿತ್ತು. ಪೇಂಟರು ಮಾಡಿದಂತೆಯೇ ಬಾಟಲಿಯಿಂದ ಥಿನ್ನರ್ ಸುರಿದು ಕಲಕಿದೆ. ತೆಳ್ಳಗಾಯಿತು. ಇಷ್ಟಿಷ್ಟೇ ಕೆರೆಗೆ ಹುಯ್ದೆ.

ಒಂದು ಗಳಿಗೆ ಅದು ನೀರಾಯಿತು. ಮಂಕೆಲ್ಲ ಹೋಗಿ, ತಿಪ್ಪೇಶ ಬಳಿದ ಕಪ್ಪು ಆಳದಿಂದ ಎದ್ದು ಬಂತು. ಕಿಟಕಿಯ ಬೆಳಕು ಅದರಲ್ಲಿ ಅಲುಗಾಡಿತು, ಗುಡ್ಡದ ನೆರಳು ತಲೆಕೆಳಗಾಗಿ ಕಂಡಿತು. ಮಂಜನಂತೆ ನಾನೂ ಬಗ್ಗಿ ಕಣ್ಣನ್ನು ಅದರ ಮಟ್ಟಕ್ಕೆ ತಂದೆ. ನಡುವೆ ನೋಡಿದರೆ ನಿಜವಾಗಿಯೂ ಭಯವಾಗುತ್ತಿತ್ತು.

ಆಮೇಲೆ ಸದ್ದು ಶುರುವಾಯಿತು. ಯಾರೋ ಬಹಳ ಮೆಲ್ಲಗೆ ಉಸಿರೆಳೆದುಕೊಂಡಂತೆ. ದಡದಲ್ಲಿ ಗೋಂದು ತೆಳ್ಳಗಿದ್ದ ಕಡೆ ಒಂದು ತೂತು ಬಿತ್ತು, ಅದರ ಪಕ್ಕ ಇನ್ನೊಂದು. ನೀರು ಅದರೊಳಗೆ ಇಳಿಯಿತು, ಇಳಿದ ಕಡೆಯೆಲ್ಲ ಥರ್ಮಾಕೋಲು ಕುಗ್ಗಿ ಕುಗ್ಗಿ ಇಲ್ಲವಾಗುತ್ತಾ ಹೋಯಿತು. ಥಿನ್ನರ್ ತಾಗಿದರೆ ಥರ್ಮಾಕೋಲು ಕರಗುತ್ತದೆ ಅನ್ನುವುದು ನನಗೆ ಗೊತ್ತಿರಲಿಲ್ಲ. ಬಟ್ಟೆ ತಂದು ಒರೆಸಿದೆ. ಬಟ್ಟೆ ತಾಗಿದ ಕಡೆಯೂ ಕರಗಿತು. ಕಟ್ಟೆ ನಡುವಿನಿಂದ ಬಾಗಿತು. ಗುಡ್ಡ ಬುಡದಿಂದ ಟೊಳ್ಳಾಗಿ, ಮೇಲಿನ ಬಣ್ಣದ ಸಿಪ್ಪೆ ಮಾತ್ರ ಉಳಿದು, ಅದೂ ಒಳಗೆ ಕುಸಿಯಿತು. ಕಡೆಗೆ ಆಚೆ ದಡದ ಹಟ್ಟಿ ಒಂದು ಕಡೆ ವಾಲಿ, ಕುರಿಗಳ ಸಮೇತ ನಿಧಾನಕ್ಕೆ ಜಾರಿ, ಅಂಟು ಅಂಟಾದ ಕೆಸರಿನಲ್ಲಿ ಮುಳುಗಿತು. ನಾನು ಬಟ್ಟೆ ಹಿಡಿದುಕೊಂಡೇ ನಿಂತು ನೋಡಿದೆ. ಆ ಉಸಿರಿನ ಸದ್ದು ನಿಲ್ಲುವುದಕ್ಕೆ ಬಹಳ ಹೊತ್ತು ಹಿಡಿಯಿತು. ಈಗಲೂ ಒಮ್ಮೊಮ್ಮೆ ಒಬ್ಬಳೇ ಇದ್ದಾಗ ಅದು ಕೇಳುತ್ತದೆ. ಎದ್ದು ಹೋಗಿ ನಲ್ಲಿ ತಿರುಗಿಸುತ್ತೇನೆ.

ಡಬ್ಬಿಯನ್ನು ಮಂಚದ ಕೆಳಗೆ ತಳ್ಳಿದೆ. ಬೂದಿ ಹಚ್ಚಿ ಕೈ ತೊಳೆದೆ. ಕೊಡ ಹಿಡಿದು ಬಾಗಿಲಲ್ಲಿ ನಿಂತಿದ್ದಾಗ ತಿಪ್ಪೇಶ ಬಂದ. ಮಂಜ ಕಬಡ್ಡಿ ಆಡಲು ಉಳಿದಿದ್ದನಂತೆ. ಎಂದಿನಂತೆ ನನ್ನ ಕೈಯಿಂದ ಕೊಡ ತೆಗೆದುಕೊಂಡ. ಚೀಲ ಇಡಲು ಒಳಗೆ ಹೋದವನು ಸ್ವಲ್ಪ ಹೊತ್ತು ಬರಲಿಲ್ಲ. ಬಂದವನು ಏನೂ ಕೇಳದೆ ನಲ್ಲಿಯ ಕಡೆ ನಡೆದ.

ನಾನು ಹೇಳಿಬಿಡಬಹುದಿತ್ತು. ನಮ್ಮ ಮನೆಯಲ್ಲಿ ಯಾರೂ ಹೊಡೆಯುವವರಲ್ಲ. ನನಗಿದ್ದ ಹೆದರಿಕೆ ಬೇರೆ. ನಿಂಗೆ ಗೊತ್ತಾಗಲ್ಲ ಎಂದು ಮಂಜ ಅಂದಿದ್ದ, ಅದು ನಿಜ ಎಂದು ಒಪ್ಪಬೇಕಾಗುತ್ತಿತ್ತು.

ಮಂಜ ಬಂದು ನೋಡಿದ. ಅಳಲಿಲ್ಲ. ಬಾಗಿಲಿನ ಪಕ್ಕ ನೆಲದ ಮೇಲೆ ಕೂತುಬಿಟ್ಟ. ದೀಪ ಹಚ್ಚುವ ಹೊತ್ತಿಗೆ ಅಪ್ಪ ಅವ್ವ ಇಬ್ಬರೂ ಬಂದಿದ್ದರು. ಯಾರು ಎಂದು ಅಪ್ಪ ಕೇಳಿದ. ಯಾರೂ ಒಪ್ಪಿಕೊಳ್ಳಲಿಲ್ಲ. ಆಗ ಅವ್ವ ಮಂಜನನ್ನು ದೀಪದ ಮುಂದೆ ಕೂರಿಸಿದಳು.

ನಮ್ಮ ಮನೆಯಲ್ಲಿ ಅದೊಂದು ಪದ್ಧತಿ ಇತ್ತು. ಬೆಲ್ಲ ಕದ್ದವರಾರು, ಲೋಟ ಒಡೆದವರಾರು ಎಂದು ತಿಳಿಯಬೇಕಾದರೆ ಎಲ್ಲರಿಗಿಂತ ಚಿಕ್ಕವನ ತಲೆಯ ಮೇಲೆ ಕೈಯಿಟ್ಟು ಆಣೆ ಮಾಡಬೇಕು. ಸುಳ್ಳು ಆಣೆ ಮಾಡಿದರೆ ಅದು ಮಾಡಿದವರನ್ನು ಬಿಟ್ಟು ಆ ತಲೆಗೆ ತಗಲುತ್ತದೆ ಎಂದು ನಂಬಿಕೆ. ಅದಕ್ಕೇ ಯಾರೂ ಸುಳ್ಳು ಹೇಳುತ್ತಿರಲಿಲ್ಲ. ನಾನೂ ಅಲ್ಲಿಯವರೆಗೆ ಹೇಳಿದವಳಲ್ಲ.

ಅವ್ವ ಮೊದಲು ತಿಪ್ಪೇಶನನ್ನು ಕರೆದಳು. ಅವನು ಒಂದು ಹೆಜ್ಜೆ ಹಿಂದೆ ಸರಿದ.

"ನಮ್ಮ ಹಟ್ಟಿಯಾಗೆ ಇನ್ನೊಬ್ರ ತಲೆ ಮ್ಯಾಲೆ ಆಣೆ ಇಡಂಗಿಲ್ಲ ಅವ್ವಾರೆ. ನಿಜ ಆದ್ರೂ ಇಡಂಗಿಲ್ಲ."

ಅವ್ವ ಅಪ್ಪನ ಮುಖ ನೋಡಿದಳು. ಅವಳ ಮನಸ್ಸಿನಲ್ಲಿ ಏನು ಬಂತು ಎಂದು ನನಗೆ ಗೊತ್ತಾಯಿತು. ಅವಳು ನನ್ನನ್ನು ಕರೆದಾಗ ನಾನು ಹೋದೆ. ಮಂಜನ ತಲೆಯ ಮೇಲೆ ಕೈಯಿಟ್ಟೆ. ಎಣ್ಣೆ ಹಚ್ಚಿದ ಕೂದಲು, ಆಡಿ ಬಂದ ಬೆವರಿಗೆ ಬೆಚ್ಚಗಿತ್ತು. ಕೂದಲಲ್ಲೊಂದು ಥರ್ಮಾಕೋಲಿನ ಕಾಳು ಸಿಕ್ಕಿಕೊಂಡಿತ್ತು. ನಾನು ಅದನ್ನು ಮುಟ್ಟಿಲ್ಲ ಅಂದೆ.

ನಾನು ಕೈ ತೆಗೆಯುವ ಮುಂಚೆಯೇ ತಿಪ್ಪೇಶ ಹೇಳಿದ.

"ನಾನೇ ಮಾಡಿದ್ದು."

ಯಾಕೆ ಹಾಗಂದ ಎಂದು ನನಗೆ ಅರ್ಥವಾಗಲಿಲ್ಲ. ಹೆದರಿ ಹೇಳಿರಬೇಕು ಅಂದುಕೊಂಡೆ. ನಿಜ ಹೇಳಬೇಕೆಂದರೆ ಅರ್ಥಮಾಡಿಕೊಳ್ಳಲು ಹೋಗಲಿಲ್ಲ. ಎದೆಯ ಮೇಲಿಂದ ಕಲ್ಲು ಇಳಿದಂತಾಯಿತು. ಶಾಲೆಯಿಂದ ಬೇಗ ಬಂದು ಹೊಳಪು ಬರಲೆಂದು ವಾರ್ನಿಷ್ ಹುಯ್ದೆ ಎಂದು ಅಪ್ಪನಿಗೆ ಅವನೇ ಹೇಳಿದ. ಅಪ್ಪ ಬೈಯಲಿಲ್ಲ. ಮಂಜ ಮಾತ್ರ ಎದ್ದು ಅವನ ಎದುರು ನಿಂತ.

"ಅದು ನಿಂದೂ ಅಲ್ವೇನಲೇ?"

ತಿಪ್ಪೇಶ ಕಾಲ ಹೆಬ್ಬೆರಳಿನಿಂದ ನೆಲ ಕೆರೆದ.

ಅವತ್ತಿನಿಂದ ಮಂಜ ಅವನ ಪಕ್ಕ ಉಣ್ಣಲು ಕೂರಲಿಲ್ಲ, ಕಂಬಳಿಯೊಳಗೆ ಮಲಗಲಿಲ್ಲ. ಅಪ್ಪ ವಿಷಯವನ್ನು ಅಲ್ಲಿಗೇ ಬಿಡುತ್ತಿದ್ದ. ಆದರೆ ದೀಪಾವಳಿ ಕಳೆದು ಗಿರಿಯಣ್ಣ ಮಂದೆಯೊಂದಿಗೆ ಬಂದು ಮಗನನ್ನು ನೋಡಲು ಮನೆಗೆ ಬಂದಾಗ, ಮಂಜನೇ ಹೋಗಿ ಎಲ್ಲ ಹೇಳಿದ. ಗಿರಿಯಣ್ಣ ಮಗನನ್ನು ಹೌದೇನಲೇ ಎಂದು ಒಂದೇ ಸಲ ಕೇಳಿದ. ಅವನು ಹೌದು ಅಂದ. ಅಪ್ಪ ಎಷ್ಟೋ ಹೇಳಿದ, ಮಕ್ಕಳ ಆಟದ ವಿಷಯ ಅಂದ, ಪರೀಕ್ಷೆಯವರೆಗಾದರೂ ಇರಲಿ ಅಂದ. ಗಿರಿಯಣ್ಣ ಕೇಳಲಿಲ್ಲ. ಕೊಟ್ಟ ಮಾತು ಅದೇ ಅಂದ.

ನಾನು ದಾರಿಗೆ ರೊಟ್ಟಿ, ಉಚ್ಚೆಳ್ಳು ಚಟ್ನಿ ಕಟ್ಟಿಕೊಟ್ಟೆ. ಬರ್ತೀನಕ್ಕ ಎಂದು ತಿಪ್ಪೇಶ ಗಂಟು ತೆಗೆದುಕೊಂಡ. ಪುಸ್ತಕಗಳನ್ನು ಕಿಟಕಿಯ ಮೇಲೆ ಸಾಲಾಗಿ ಜೋಡಿಸಿ ಬಿಟ್ಟುಹೋದ. ಮಂಜ ಹಿಂದಿನ ಕೋಣೆಯಿಂದ ಹೊರಗೆ ಬರಲಿಲ್ಲ.

ಆಮೇಲೆ ಮಂಜ ಕೈಯಿಂದ ಏನನ್ನೂ ಕಟ್ಟಲಿಲ್ಲ. ಓದಿದ, ಹೊಳಲ್ಕೆರೆಯಲ್ಲಿ ಮೋಟರ್ ರಿಪೇರಿ ಅಂಗಡಿಗೆ ಸೇರಿದ. ನನಗೆ ಐಮಂಗಲದ ಕಡೆ ಮದುವೆಯಾಯಿತು. ಎರಡು ಸಾವಿರದ ಇಸವಿ ಕಳೆದು ಕೆಲವು ವರ್ಷಕ್ಕೆ ಮಂಜನಿಗೆ ಕಾಮಾಲೆ ಹಿಡಿಯಿತು. ಸೊಪ್ಪಿನ ಔಷಧಿಯಲ್ಲಿ ದಿನ ಕಳೆದು, ಚಿತ್ರದುರ್ಗದ ಆಸ್ಪತ್ರೆಗೆ ಸೇರಿಸುವಾಗ ತಡವಾಗಿತ್ತು. ಅವನ ಹತ್ತಿರ ನಾನು ಉಳಿದೆ. ಕಣ್ಣು, ಉಗುರು, ಅಂಗೈ ಎಲ್ಲ ಅರಿಸಿನ. ಒಂದು ಮಧ್ಯಾಹ್ನ ನಾನು ಮೂಸಂಬಿ ಸುಲಿಯುತ್ತಿದ್ದಾಗ ಅವನು ಛಾವಣಿ ನೋಡುತ್ತಾ ಮಾತಾಡಿದ.

"ತಿಪ್ಪೇಶ ಯಾಕೆ ಹಂಗೆ ಮಾಡ್ದ ಅಂತ ಈಗ್ಲೂ ಗೊತ್ತಾಗಲ್ಲಕ್ಕ. ಏನಾರ ಆಗ್ಲಿ, ನಾನು ಅವರಪ್ಪಂಗೆ ಹೇಳಬಾರದಿತ್ತು. ಹೇಳದಿದ್ರೆ ಓದ್ತಿದ್ದ. ಆ ಪಾಪ ನಂದೇ."

ನನ್ನ ಕೈಯಲ್ಲಿ ತೊಳೆ ಇತ್ತು. ಮಾತು ಬಾಯಿಗೆ ಬಂದಿತ್ತು. ಅವನು ಹುಷಾರಾಗಲಿ, ಆಮೇಲೆ ಹೇಳೋಣ ಅಂದುಕೊಂಡೆ. ಇಲ್ಲ, ಹಾಗೆ ಬರೆದರೆ ಇಲ್ಲೂ ಸುಳ್ಳಾಗುತ್ತದೆ. ಅವನು ಹುಷಾರಾಗುವುದಿಲ್ಲ ಎಂದು ನನಗೆ ಗೊತ್ತಿತ್ತು. ಅವನು ನನ್ನನ್ನು ಅಕ್ಕ ಎಂದು ಕರೆಯುತ್ತಿದ್ದ ದನಿಯಲ್ಲೇ ಕಡೆಯವರೆಗೂ ಕರೆಯಲಿ ಅನ್ನುವ ಆಸೆ. ಈಗ ಅದೆಲ್ಲ ಯಾಕಪ್ಪ ಎಂದು ತೊಳೆಯನ್ನು ಅವನ ಬಾಯಿಗಿಟ್ಟೆ. ವಾರ ಕಳೆಯುವುದರೊಳಗೆ ಅವನು ಹೋದ.

ಆಮೇಲೆ ನನಗೆ ನಿದ್ದೆ ಇಲ್ಲದಾಯಿತು. ಕಣ್ಣು ಮುಚ್ಚಿದರೆ ಅಂಗೈ ಕೆಳಗೆ ಅವನ ಬೆಚ್ಚನೆಯ ತಲೆ. ಸಾವು ಬಂದದ್ದು ಕಾಮಾಲೆಯಿಂದ ಎಂದು ಡಾಕ್ಟರು ಹೇಳಬಹುದು. ನಾನು ಇಟ್ಟ ಆಣೆ ಇಷ್ಟು ವರ್ಷ ಎಲ್ಲಿ ತಿರುಗಾಡಿಕೊಂಡಿತ್ತು ಎಂದು ಅವರಿಗೇನು ಗೊತ್ತು.

ತಿಥಿ ಮುಗಿದ ಮೇಲೆ ಜವನಗೊಂಡನಹಳ್ಳಿಯಲ್ಲಿ ಬಸ್ಸಿಳಿದು ಕೇಳಿಕೊಂಡು ಹಟ್ಟಿಗೆ ಹೋದೆ. ತಿಪ್ಪೇಶ ಬೇಲಿಯ ಹತ್ತಿರ ಕುರಿಮರಿಯೊಂದರ ಕಾಲಿಗೆ ಔಷಧಿ ಹಚ್ಚುತ್ತಿದ್ದ. ಗಡ್ಡ ಬಂದಿತ್ತು, ಕೈಗಳು ಒಡೆದಿದ್ದವು. ನೋಡಿದ ಕೂಡಲೇ ಗುರುತು ಹಿಡಿದು, ಬಾರಕ್ಕ ಎಂದು ಕಂಬಳಿ ಹಾಸಿದ. ಮಂಜ ಹೋದ ಸುದ್ದಿ ಹೇಳಿದೆ. ಮರಿಯನ್ನು ಅವುಚಿಕೊಂಡೇ ಅವನು ನೆಲದ ಮೇಲೆ ಕೂತ. ಅವನ ಹೆಂಡತಿ ಮಜ್ಜಿಗೆ ತಂದಿಟ್ಟು ಒಳಗೆ ಹೋದಳು. ಆಗ ನಾನು ಎಲ್ಲವನ್ನೂ ಹೇಳಿದೆ. ವಾರ್ನಿಷ್, ಥಿನ್ನರ್, ಆಣೆ, ಆಸ್ಪತ್ರೆ.

ಅವನು ಮರಿಯ ಕಾಲನ್ನು ಸವರುತ್ತಾ ಕೇಳಿಸಿಕೊಂಡ.

"ನೀನು ಅಂತ ಅವತ್ತೇ ಗೊತ್ತಿತ್ತಕ್ಕ. ಕೊಡ ಕೊಡುವಾಗ ನಿನ್ನ ಕೈಯಾಗೆ ವಾಸನೆ ಇತ್ತು."

ಹಾಗಾದರೆ ಯಾಕೆ ಒಪ್ಪಿಕೊಂಡೆ ಎಂದು ಕೇಳಿದೆ.

"ನೀನು ಅವನ ತಲೆ ಮುಟ್ಟಿಬಿಟ್ಟಿದ್ದೆ. ನಾನು ಮಾಡಿದ್ದು ಅಂತ ಆದ್ರೆ ನೀನು ಹೇಳಿದ್ದು ನಿಜ ಆಗ್ತೈತೆ, ಅವನ ತಲಿಗೆ ಏನೂ ಬರಲ್ಲ ಅನ್ಕಂಡೆ. ಹುಡುಗಬುದ್ಧಿ. ಅವಾಗ ನಂಗೆ ಅಷ್ಟೇ ತೋಚಿದ್ದು."

ಮಜ್ಜಿಗೆಯ ಮೇಲೆ ನೊಣ ಕೂತಿತ್ತು. ಅದನ್ನು ಓಡಿಸಿ ಅವನು ಒಂದೇ ಒಂದು ಪ್ರಶ್ನೆ ಕೇಳಿದ.

"ಮಂಜಂಗೆ ಹೇಳಿದ್ಯೇನಕ್ಕ?"

ಇಲ್ಲ ಎಂದು ತಲೆಯಾಡಿಸಿದೆ. ಅಲ್ಲಿಯವರೆಗೆ ಅವನ ಮುಖದಲ್ಲಿ ಸಿಟ್ಟು ಇರಲಿಲ್ಲ. ಆಮೇಲೂ ಇರಲಿಲ್ಲ. ಆದರೆ ಅವನು ಎದ್ದುನಿಂತ.

"ನಂಗ್ಯಾಕೆ ಹೇಳಾಕೆ ಬಂದೆ? ನಂಗೆ ಗೊತ್ತಿತ್ತು. ಗೊತ್ತಿಲ್ದೋನು ಅವನೊಬ್ನೇ."

ಮರಿಯನ್ನು ಹೆಗಲಿಗೇರಿಸಿಕೊಂಡು ಅವನು ಮಂದೆಯ ಕಡೆ ಹೋದ. ನಾನು ಬಸ್ಸಿನ ದಾರಿ ಹಿಡಿದೆ.

ಆ ಕಾಲದ ಸಣ್ಣ ಹಳಿ ಈಗಿಲ್ಲ. ಕ್ವಾರ್ಟರ್ಸಿನಲ್ಲಿ ಬೇರೆ ಯಾರೋ ಇದ್ದಾರೆ, ಅಪ್ಪ ಅವ್ವನೂ ಇಲ್ಲ. ಇವೆಲ್ಲ ಹೋಗುವಂಥವೇ, ಎಲ್ಲರ ಮನೆಯಲ್ಲೂ ಹೋಗಿವೆ, ಅದಕ್ಕಾಗಿ ನಾನು ಇದನ್ನು ಬರೆಯಲಿಲ್ಲ. ತನಗಾಗಿ ಶಾಲೆಯನ್ನೇ ಬಿಟ್ಟುಕೊಟ್ಟ ಒಬ್ಬ ಗೆಳೆಯ ನನ್ನ ತಮ್ಮನಿಗೆ ಕಡೆಯ ಉಸಿರಿನವರೆಗೂ ಇದ್ದ. ಅದು ತಮ್ಮನಿಗೆ ಗೊತ್ತಾಗಲಿಲ್ಲ. ಹೇಳಬೇಕಾದವಳು ಪಕ್ಕದಲ್ಲೇ ಕೂತು ಮೂಸಂಬಿ ಸುಲಿಯುತ್ತಿದ್ದೆ.